ಮಂಗನ ಕಾಯಿಲೆ: ಪಿಸಿಆರ್ ನೆಗೆಟಿವ್, ಐಜಿಎಂ ಪಾಸಿಟಿವ್. ಹಾಗಂದ್ರೆ ಕಾಯಿಲೆ ಇದೆಯೋ ಇಲ್ಲವೋ?

ಸೊಪ್ಪಿನಬೆಟ್ಟ:

ಎಲ್ಲರಿಗೂ ನಮಸ್ಕಾರ. ನಾನು ಸಿದ್ದಾಪುರ ತಾಲೂಕಿನವಳು. ನಮ್ಮ ಅಪ್ಪಯ್ಯನಿಗೆ ಮಂಗನ ಕಾಯಿಲೆ ಆಗಿತ್ತು. ಈಗ ಚೇತರಿಸಿಕೊಳ್ಳುತ್ತಿದ್ದಾರೆ, ಗಂಜಿ ಬಿಟ್ಟು ಅನ್ನ ಊಟ ಮಾಡುವಷ್ಟಾಗಿದ್ದಾರೆ. ಹಾಗಾಗಿ ಔಷಧ ಕೇಳಲು ಬಂದಿಲ್ಲ, ರಿಪೋರ್ಟ್ ಅರ್ಥ ಮಾಡಿಕೊಳ್ಳಬೇಕು ಅಂತ ಬಂದೆ.

ತೋಟಕ್ಕೆ ದರಕು (ಒಣಗಿ ಬಿದ್ದ ಎಲೆ) ತರಲು ಬೆಟ್ಟಕ್ಕೆ ಹೋಗಿ ಬಂದವರಿಗೆ ಮೊಣಕಾಲಿನ ಹಿಂದೆ ಉಣುಗು ಕಚ್ಚಿತ್ತು. ಎಳ್ಳುಕಾಳಿಗಿಂತ ಸಣ್ಣದು, ಮೊದಲು ಮಚ್ಚೆ ಅಂತಲೇ ಅಂದುಕೊಂಡೆವು. ಅದಾಗಿ ಸ್ವಲ್ಪ ದಿನಕ್ಕೆ ಜೋರು ಜ್ವರ, ಸೊಂಟ ಕತ್ತರಿಸಿ ಹೋಗುವ ಹಾಗೆ ನೋವು, ಕಣ್ಣು ಕೆಂಪು. ಮೊದಲು ತೋರಿಸಿದ ಕಡೆ ಡೆಂಗ್ಯೂ ಟೆಸ್ಟ್ ಮಾಡಿದರು, ನೆಗೆಟಿವ್ ಬಂತು, ಮಾತ್ರೆ ಕೊಟ್ಟು ಕಳಿಸಿದರು. ಜ್ವರ ಇಳಿಯದೆ ಇದ್ದಾಗ ಬೇರೆ ಕಡೆ ಹೋದೆವು, ಆಗ ರಕ್ತ ತೆಗೆದು ಮಂಗನ ಕಾಯಿಲೆಗೆ ಅಂತ ಕಳಿಸಿದರು. ಅಷ್ಟೊತ್ತಿಗೆ ಜ್ವರ ಬಂದು ವಾರದ ಮೇಲಾಗಿತ್ತು.

ರಿಪೋರ್ಟಿನಲ್ಲಿ ಪಿಸಿಆರ್ ನೆಗೆಟಿವ್, ಐಜಿಎಂ ಪಾಸಿಟಿವ್ ಅಂತಿದೆ. ಒಂದು ಟೆಸ್ಟ್ ಇಲ್ಲ ಅನ್ನುತ್ತದೆ, ಇನ್ನೊಂದು ಇದೆ ಅನ್ನುತ್ತದೆ. ಕೇಳಿದರೆ "ಪಾಸಿಟಿವ್ ಅಂತಲೇ ತಿಳಿದುಕೊಳ್ಳಿ" ಅಂದರು, ಯಾಕೆ ಅಂತ ಹೇಳಲಿಕ್ಕೆ ಅವರಿಗೆ ಪುರುಸೊತ್ತಿರಲಿಲ್ಲ. ಇಲ್ಲಿ ಯಾರಾದರೂ ಬಿಡಿಸಿ ಹೇಳುತ್ತೀರಾ?

ಕಾಳಿನದಿ:

ಅಕ್ಕಾ, ಅಪ್ಪಯ್ಯ ಆರಾಮಾಗುತ್ತಿದ್ದಾರೆ ಅಂತ ಓದಿ ಸಮಾಧಾನ ಆಯಿತು. ನಾನು ಕಾರವಾರದಲ್ಲಿ ಲ್ಯಾಬ್ ಕೆಲಸ ಮಾಡುವವನು. ನಿಮ್ಮ ಎರಡೂ ಟೆಸ್ಟ್ ಸರಿಯಾಗಿಯೇ ಇವೆ, ಎರಡೂ ಒಂದೇ ಮಾತು ಹೇಳುತ್ತಿವೆ.

ಪಿಸಿಆರ್ ಹುಡುಕುವುದು ವೈರಸ್ಸನ್ನು. ರಕ್ತದಲ್ಲಿ ವೈರಸ್‌ನ ಆರ್‌ಎನ್‌ಎ ತುಣುಕು ಇದ್ದರೆ ಪಾಸಿಟಿವ್. ಐಜಿಎಂ ಎಲೈಸಾ ವೈರಸ್ಸನ್ನು ಹುಡುಕುವುದೇ ಇಲ್ಲ. ಆ ವೈರಸ್ಸಿಗೆ ಅಂತ ನಮ್ಮ ದೇಹ ಮಾಡಿದ ಆ್ಯಂಟಿಬಾಡಿಯನ್ನು, ಅಂದರೆ ವೈರಸ್ಸನ್ನು ಹಿಡಿಯುವ ಪ್ರೋಟೀನನ್ನು, ಹುಡುಕುತ್ತದೆ. ಮಂಗನ ಕಾಯಿಲೆಯಲ್ಲಿ ಜ್ವರ ಶುರುವಾದ ಮೊದಲ ವಾರ ರಕ್ತದಲ್ಲಿ ವೈರಸ್ ಜಾಸ್ತಿ, ಆಗ ಪಿಸಿಆರ್ ಸಿಗುತ್ತದೆ. ನಾಲ್ಕೈದು ದಿನ ಕಳೆದ ಮೇಲೆ ಐಜಿಎಂ ಕಾಣಿಸಲು ಶುರುವಾಗುತ್ತದೆ. ಐಜಿಎಂ ಏರಿದ ಹಾಗೆ ವೈರಸ್ ಇಳಿಯುತ್ತದೆ. ನಿಮ್ಮ ಅಪ್ಪಯ್ಯನ ರಕ್ತ ತೆಗೆದದ್ದು ವಾರದ ಮೇಲೆ, ಅಷ್ಟರಲ್ಲಿ ರಕ್ತದಿಂದ ವೈರಸ್ ಖಾಲಿಯಾಗುತ್ತಾ ಬಂದಿತ್ತು, ಆ್ಯಂಟಿಬಾಡಿ ಬಂದಿತ್ತು. ಅಂದರೆ ಕಾಯಿಲೆ ಬಂದಿತ್ತು, ದೇಹ ಅದಕ್ಕೆ ಸರಿಯಾಗಿ ಉತ್ತರ ಕೊಟ್ಟಿದೆ.

ಐಜಿಎಂ ಹೊಸ ಸೋಂಕಿನ ಗುರುತು, ಮೊದಲು ಬರುವುದು ಅದೇ. ಇಂಗ್ಲಿಷಿನ ವೈ ಅಕ್ಷರದ ಆಕಾರದ 5 ತುಂಡು ಸೇರಿ ಒಂದು ಐಜಿಎಂ ಆಗುತ್ತದೆ, ಹಿಡಿಯಲು ಒಟ್ಟು 10 ತುದಿ. ಒಂದೊಂದು ತುದಿಯ ಹಿಡಿತ ಅಷ್ಟು ಗಟ್ಟಿ ಇರುವುದಿಲ್ಲ, ಆದರೆ ಹತ್ತೂ ಸೇರಿದರೆ ಸಾಕಾಗುತ್ತದೆ. ಅದರ ಹಿಂದೆ ಐಜಿಜಿ ಬರುತ್ತದೆ. ಅದಕ್ಕೆ ಎರಡೇ ತುದಿ, ಹಿಡಿತ ಮಾತ್ರ ಬಿಗಿ, ರಕ್ತದಲ್ಲಿ ಜಾಸ್ತಿ ದಿನ ಉಳಿಯುತ್ತದೆ.

ಇನ್ನೊಂದು ವಿಷಯ ಹೇಳಲೇಬೇಕು. ಮಂಗನ ಕಾಯಿಲೆ, ಡೆಂಗ್ಯೂ, ಜಪಾನೀಸ್ ಎನ್ಸೆಫಲೈಟಿಸ್ ಇವೆಲ್ಲ ಫ್ಲೇವಿವೈರಸ್ ಅನ್ನುವ ಒಂದೇ ಕುಟುಂಬದವು. ಇವುಗಳ ಹೊರಮೈಯಲ್ಲಿರುವ ಇ ಪ್ರೋಟೀನು ಒಂದಕ್ಕೊಂದು ಸ್ವಲ್ಪ ಹೋಲುತ್ತದೆ. ಹಾಗಾಗಿ ಹಿಂದೆ ಡೆಂಗ್ಯೂ ಬಂದವರ ಐಜಿಜಿ, ಇನ್ನೊಂದು ಫ್ಲೇವಿವೈರಸ್ಸಿನ ಟೆಸ್ಟ್‌ನಲ್ಲೂ ಅಂಟಿಕೊಳ್ಳಬಹುದು. ಅದಕ್ಕೇ ಬರೀ ಐಜಿಜಿ ನೋಡಿ ಯಾರೂ ತೀರ್ಮಾನ ಮಾಡಬಾರದು. ರೋಗಲಕ್ಷಣ, ಊರು, ಜ್ವರ ಬಂದ ದಿನ ಎಲ್ಲ ಸೇರಿಸಿ ನೋಡಬೇಕು.

ಸೊಪ್ಪಿನಬೆಟ್ಟ:

ಅಣ್ಣಾ, ಈಗ ಅರ್ಥ ಆಯಿತು. ಆದರೆ ಇನ್ನೊಂದು ತಲೆಗೆ ಹೋಗುತ್ತಿಲ್ಲ. ಉಣುಗು ಕಚ್ಚಿದ ಕೂಡಲೇ ವೈರಸ್ ಒಳಗೆ ಹೋಯಿತು ಅಲ್ವಾ? ದೇಹಕ್ಕೆ ಆ್ಯಂಟಿಬಾಡಿ ಮಾಡಲು ಬರುತ್ತದೆ ಅಂದ ಮೇಲೆ ಅಷ್ಟು ದಿನ ಯಾಕೆ ಬೇಕು? ಮತ್ತೆ, ಹಿಂದೆ ನೋಡಿಯೇ ಇರದ ವೈರಸ್ಸಿಗೆ ಹೊಂದುವ ಆ್ಯಂಟಿಬಾಡಿ ಮಾಡುವುದು ಹೇಗೆ ಅಂತ ಅದಕ್ಕೆ ಗೊತ್ತಾಗುವುದಾದರೂ ಹೇಗೆ?

ಶಿರಸಿ ಮೇಷ್ಟ್ರು:

ತಂಗಿ, ನೀನು ಕೇಳಿದ ಎರಡನೇ ಪ್ರಶ್ನೆಯ ಮೇಲೆ ದೊಡ್ಡ ದೊಡ್ಡ ವಿಜ್ಞಾನಿಗಳು ದಶಕಗಟ್ಟಲೆ ತಲೆ ಕೆಡಿಸಿಕೊಂಡಿದ್ದರು. ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡಿಕೊಂಡು ಬಂದಿದ್ದೇನೆ, ಈ ಜಾಗಕ್ಕೆ ಬಂದಾಗ ನನಗೆ ಇವತ್ತಿಗೂ ಖುಷಿಯಾಗುತ್ತದೆ. ಸ್ವಲ್ಪ ಉದ್ದ ಬರೆಯುತ್ತೇನೆ, ತಾಳ್ಮೆಯಿಂದ ಓದು.

ಮೊದಲಿಗೆ ಜನ ನಂಬಿದ್ದು ಹೀಗೆ. ಹೊರಗಿನ ವಸ್ತು, ಅಂದರೆ ಆ್ಯಂಟಿಜೆನ್, ದೇಹದೊಳಗೆ ಬರುತ್ತದೆ. ಆ್ಯಂಟಿಬಾಡಿ ಅದರ ಸುತ್ತ ಸುತ್ತಿಕೊಂಡು ಅದೇ ಆಕಾರ ಪಡೆಯುತ್ತದೆ. 1940ರಲ್ಲಿ ಲೈನಸ್ ಪೌಲಿಂಗ್ ಅವರಂಥವರೇ ಹೀಗೆ ವಾದಿಸಿದ್ದರು. ಕೇಳಲು ಸರಿ ಅನಿಸುತ್ತದೆ. ಆದರೆ ಒಮ್ಮೆ ಬಂದ ರೋಗ ಎಷ್ಟೋ ವರ್ಷ ಬಿಟ್ಟು ಮತ್ತೆ ಬಂದರೂ ದೇಹಕ್ಕೆ ಗುರುತು ಹತ್ತುತ್ತದಲ್ಲ, ಅದಕ್ಕೆ ಈ ವಾದದಲ್ಲಿ ಉತ್ತರ ಇರಲಿಲ್ಲ.

1957ರಲ್ಲಿ ಆಸ್ಟ್ರೇಲಿಯಾದ ಫ್ರಾಂಕ್ ಮ್ಯಾಕ್‌ಫರ್ಲೇನ್ ಬರ್ನೆಟ್ ಬೇರೆಯೇ ಮಾತು ಹೇಳಿದರು. ಆ್ಯಂಟಿಜೆನ್ ಯಾವ ಆಕಾರವನ್ನೂ ಕಲಿಸುವುದಿಲ್ಲ. ಬೇರೆ ಬೇರೆ ಆಕಾರ ಹಿಡಿಯುವ ಕೋಶಗಳು ಅದು ಬರುವ ಮೊದಲೇ ನಮ್ಮೊಳಗೆ ತಯಾರಿರುತ್ತವೆ, ಒಂದೊಂದು ಕೋಶಕ್ಕೆ ಒಂದೊಂದೇ ಆಕಾರ. ಆ್ಯಂಟಿಜೆನ್ ಬಂದಾಗ ಅದಕ್ಕೆ ಹೊಂದುವ ಕೋಶ ಮಾತ್ರ ಎಚ್ಚೆತ್ತು ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆಯುತ್ತದೆ. ನಮ್ಮ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು ಈ ವೈರಸ್ಸನ್ನು ಮೊದಲು ಗುರುತಿಸಿದ್ದೂ ಅದೇ 1957ರಲ್ಲಿ.

ಹಾಗಾದರೆ ಅಷ್ಟು ನಮೂನೆ ಎಲ್ಲಿಂದ ಬರಬೇಕು? ಮನುಷ್ಯನಿಗೆ ಇರುವ ಜೀನುಗಳೇ ಸುಮಾರು 20 ಸಾವಿರ. ಆಕಾರಗಳು ಕೋಟಿಗಟ್ಟಲೆ ಬೇಕು. ಇದನ್ನು ಬಿಡಿಸಿದವರು ಸುಸುಮು ತೊನೆಗಾವ, 1976ರಲ್ಲಿ. ಆ್ಯಂಟಿಬಾಡಿ ಮಾಡುವ ಬಿಳಿ ರಕ್ತಕೋಶಕ್ಕೆ ಬಿ ಕೋಶ ಅನ್ನುತ್ತಾರೆ. ಅದು ಎಲುಬಿನ ಮಜ್ಜೆಯಲ್ಲಿ ಬೆಳೆಯುವಾಗ ತನ್ನ ಡಿಎನ್‌ಎಯನ್ನೇ ಕತ್ತರಿಸಿ ಜೋಡಿಸಿಕೊಳ್ಳುತ್ತದೆ. ಆ್ಯಂಟಿಬಾಡಿಯ ದೊಡ್ಡ ಸರಪಳಿಗೆ ವಿ ಅನ್ನುವ ತುಂಡು ಸುಮಾರು 40, ಡಿ ಸುಮಾರು 23, ಜೆ 6 ಇರುತ್ತವೆ. ಒಂದೊಂದರಿಂದ ಒಂದೊಂದು ಆರಿಸಿ ಸೇರಿಸಿದರೆ 5,500ರ ಮೇಲಾಯಿತು. ಚಿಕ್ಕ ಸರಪಳಿಯಲ್ಲೂ ಹೀಗೇ ಮುನ್ನೂರು ಚಿಲ್ಲರೆ ನಮೂನೆ. ಎರಡನ್ನೂ ಗುಣಿಸು, 17 ಲಕ್ಷ ದಾಟುತ್ತದೆ. ಇಷ್ಟಕ್ಕೇ ನಿಲ್ಲುವುದಿಲ್ಲ, ತುಂಡು ಸೇರಿಸುವ ಜಾಗದಲ್ಲಿ ಮನಸ್ಸಿಗೆ ಬಂದ ಹಾಗೆ ಡಿಎನ್‌ಎಯ ಕೆಲವು ಅಕ್ಷರ ಸೇರುತ್ತವೆ, ಕೆಲವು ಉದುರುತ್ತವೆ. ಅಲ್ಲಿಂದ ಮುಂದೆ ಲೆಕ್ಕ ಕೈಗೆ ಸಿಗುವುದಿಲ್ಲ. ಈ ಕೆಲಸಕ್ಕೆ ತೊನೆಗಾವ ಅವರಿಗೆ 1987ರಲ್ಲಿ ನೊಬೆಲ್ ಬಂತು.

ಈಗ ನಿನ್ನ ಮೊದಲನೇ ಪ್ರಶ್ನೆ, ಅಷ್ಟು ದಿನ ಯಾಕೆ ಅಂತ. ಇಷ್ಟು ನಮೂನೆ ಇರುವಾಗ ಒಂದೊಂದು ಆಕಾರಕ್ಕೆ ಸಿಗುವ ಕೋಶ ತೀರಾ ಕಮ್ಮಿ. ಒಂದು ಲಕ್ಷದಿಂದ ಹತ್ತು ಲಕ್ಷ ಕೋಶಕ್ಕೆ ಒಂದು ಹೊಂದಿದರೆ ಹೆಚ್ಚು. ಆ ಒಂದು ಕೋಶ ಅಪ್ಪಯ್ಯನ ಮೊಣಕಾಲಿನ ಹತ್ತಿರವೇ ಇರುತ್ತದೆ ಅಂತ ಏನೂ ಇಲ್ಲ. ಹಾಗಾಗಿ ಚರ್ಮದಲ್ಲಿರುವ ಡೆಂಡ್ರಿಟಿಕ್ ಕೋಶಗಳು ವೈರಸ್ಸಿನ ಚೂರುಗಳನ್ನು ಹೊತ್ತುಕೊಂಡು ದುಗ್ಧರಸದ ನಾಳದ ಮೂಲಕ ಹತ್ತಿರದ ದುಗ್ಧಗ್ರಂಥಿಗೆ ಹೋಗುತ್ತವೆ. ಕಾಲಿಗೆ ಕಚ್ಚಿದ್ದರೆ ತೊಡೆಸಂದಿಯ ಗ್ರಂಥಿಗೆ. ಬಿ ಕೋಶ, ಟಿ ಕೋಶಗಳು ಇಡೀ ಮೈ ಸುತ್ತುತ್ತಾ ಒಂದೊಂದು ಗ್ರಂಥಿಯಲ್ಲಿ ಅರ್ಧ ದಿನವೋ ಒಂದು ದಿನವೋ ಇದ್ದು ಮುಂದೆ ಹೋಗುತ್ತಿರುತ್ತವೆ. ಹೊಂದುವ ಕೋಶ ಆ ಗ್ರಂಥಿಗೆ ಬಂದು ಸಿಕ್ಕಿದಾಗ ಅಲ್ಲೇ ನಿಂತು ಬೆಳೆಯಲು ಶುರು ಮಾಡುತ್ತದೆ. ಜ್ವರದಲ್ಲಿ ಕಂಕುಳು, ತೊಡೆಸಂದಿಯಲ್ಲಿ ಗಂಟು ಕೈಗೆ ಸಿಗುತ್ತದಲ್ಲ, ಅದು ಇದೇ ಕೆಲಸ ಜೋರಾಗಿ ನಡೆಯುತ್ತಿರುವ ಜಾಗ.

ದಿನಕ್ಕೆ ಎರಡರಿಂದ ನಾಲ್ಕು ಸಲ ಒಡೆದು ಇಮ್ಮಡಿಯಾದರೂ ಒಂದು ಕೋಶ ಸಾವಿರಾರು ಆಗಲು ಕೆಲವು ದಿನ ಬೇಕೇ ಬೇಕು. ಆಮೇಲೆ ಅವು ಪ್ಲಾಸ್ಮಾ ಕೋಶಗಳಾಗಿ ಬದಲಾಗಿ ಸೆಕೆಂಡಿಗೆ ಸಾವಿರಾರು ಆ್ಯಂಟಿಬಾಡಿ ರಕ್ತಕ್ಕೆ ಬಿಡಬೇಕು. ನಿನ್ನ ರಿಪೋರ್ಟಿನ ಐಜಿಎಂ ಬರಲು ಹಿಡಿದ ಸಮಯ ಇದೇ.

ಟಿ ಕೋಶದ ವಿಷಯ ಬಿಟ್ಟರೆ ಅರ್ಧ ಹೇಳಿದ ಹಾಗಾಗುತ್ತದೆ. ಬಿ ಕೋಶ ವೈರಸ್ಸಿನ ಮೇಲಿರುವ ಪ್ರೋಟೀನನ್ನು ಇದ್ದ ಆಕಾರದಲ್ಲೇ ಹಿಡಿಯುತ್ತದೆ. ಟಿ ಕೋಶಕ್ಕೆ ಹಾಗೆ ಆಗುವುದಿಲ್ಲ. ಅದಕ್ಕೆ ಪ್ರೋಟೀನನ್ನು ಚೂರು ಮಾಡಿ, ಎಂಎಚ್‌ಸಿ ಅನ್ನುವ ಅಣುವಿನ ಮೇಲೆ ಇಟ್ಟು, ಕೋಶದ ಹೊರಮೈಯಲ್ಲಿ ತೋರಿಸಬೇಕು. ವೈರಸ್ ಹೊಕ್ಕ ಯಾವುದೇ ಕೋಶ ತನ್ನೊಳಗೆ ತಯಾರಾಗುತ್ತಿರುವ ಪ್ರೋಟೀನಿನ ಚೂರುಗಳನ್ನು, ಎಂಟು ಹತ್ತು ಅಮೈನೊ ಆಮ್ಲದಷ್ಟು ಉದ್ದದವು, ಹೀಗೆ ಹೊರಗೆ ತೋರಿಸುತ್ತಿರುತ್ತದೆ. ಅದನ್ನು ಗುರುತಿಸಿದ ಕೊಲ್ಲುವ ಟಿ ಕೋಶ ಆ ಸೋಂಕಿತ ಕೋಶವನ್ನೇ ಮುಗಿಸುತ್ತದೆ. ಕೋಶದ ಒಳಗೆ ಅಡಗಿದ ವೈರಸ್ಸಿಗೆ ಆ್ಯಂಟಿಬಾಡಿ ಮುಟ್ಟುವುದಿಲ್ಲ, ಅಲ್ಲಿ ಟಿ ಕೋಶವೇ ಬೇಕು. 1974ರಲ್ಲಿ ಪೀಟರ್ ಡೊಹರ್ಟಿ ಮತ್ತು ರಾಲ್ಫ್ ಜಿಂಕರ್‌ನಾಗಲ್ ಇಲಿಗಳಲ್ಲಿ ಇದನ್ನು ತೋರಿಸಿದರು. ಸಹಾಯಕ ಟಿ ಕೋಶ ಅಂತ ಇನ್ನೊಂದಿದೆ. ಅದು ಹೂಂ ಅನ್ನದೆ ಹೆಚ್ಚಿನ ಬಿ ಕೋಶಗಳು ಮುಂದಕ್ಕೆ ಹೋಗುವುದೇ ಇಲ್ಲ. ಎಚ್‌ಐವಿ ಹಾಳು ಮಾಡುವುದು ಈ ಸಹಾಯಕ ಕೋಶವನ್ನೇ, ಅದಕ್ಕೇ ಆ ಕಾಯಿಲೆ ಅಷ್ಟು ಘೋರ.

ಗಜನಿ:

ಮೇಷ್ಟ್ರೇ, ತುಂಬಾ ಚಂದ ಹೇಳಿದಿರಿ. ನಾನು ಕುಮಟೆ ಕಡೆಯವನು, ನಮ್ಮದು ಅಘನಾಶಿನಿ ದಂಡೆಯ ಗಜನಿ ಗದ್ದೆ. ಓದುತ್ತಾ ಓದುತ್ತಾ ನನಗೆ ಕಗ್ಗ ಭತ್ತ ನೆನಪಾಯಿತು. ಉಪ್ಪುನೀರು ಗದ್ದೆಗೆ ನುಗ್ಗಿದರೆ ಬೇರೆ ತಳಿ ಕೊಳೆತು ಹೋಗುತ್ತದೆ, ಕಗ್ಗ ನಿಲ್ಲುತ್ತದೆ. ಕಗ್ಗಕ್ಕೆ ಉಪ್ಪು ತಡೆಯುವ ಗುಣ ಆ ವರ್ಷದ ಉಪ್ಪುನೀರು ಕಲಿಸಿದ್ದಲ್ಲ, ಬೀಜದಲ್ಲೇ ಮೊದಲಿಂದ ಇತ್ತು. ಹತ್ತು ತರದ ಬೀಜ ಬೆರೆಸಿ ಬಿತ್ತಿದರೂ ಉಪ್ಪುನೀರು ಬಂದು ಹೋದ ಮೇಲೆ ಗದ್ದೆ ತುಂಬಾ ಕಗ್ಗವೇ. ಬರ್ನೆಟ್ ಹೇಳಿದ್ದು ಇದೇ ತಾನೆ?

ಶಿರಸಿ ಮೇಷ್ಟ್ರು:

ಇದೇ. ಮುಂದಿನ ವರ್ಷ ಪಾಠದಲ್ಲಿ ಇದನ್ನೇ ಹೇಳುತ್ತೇನೆ, ನಿಮ್ಮ ಅಪ್ಪಣೆ ಇದ್ದರೆ.

ಒಂದು ವ್ಯತ್ಯಾಸ ಮಾತ್ರ ಸೇರಿಸಬೇಕು. ನಿಮ್ಮ ಕಗ್ಗ ಆ ಒಂದು ಬೆಳೆಯಲ್ಲಿ ಕಗ್ಗವಾಗಿಯೇ ಇರುತ್ತದೆ. ಬಿ ಕೋಶ ಹಾಗಲ್ಲ, ಆಯ್ಕೆಯಾದ ಮೇಲೂ ಬದಲಾಗುತ್ತದೆ. ದುಗ್ಧಗ್ರಂಥಿಯಲ್ಲಿ ಜರ್ಮಿನಲ್ ಸೆಂಟರ್ ಅಂತ ಒಂದು ಜಾಗ ಎದ್ದುಕೊಳ್ಳುತ್ತದೆ. ಅಲ್ಲಿ ಬಿ ಕೋಶಗಳು ಒಡೆಯುವಾಗ ಆ್ಯಂಟಿಬಾಡಿಯ ಜೀನಿನಲ್ಲಿ ಮಾತ್ರ ಬೇಕೆಂದೇ ತಪ್ಪು ಅಕ್ಷರ ಬೀಳುತ್ತವೆ, ಮಾಮೂಲಿಗಿಂತ ಹತ್ತು ಲಕ್ಷ ಪಟ್ಟು ಜಾಸ್ತಿ. ಹೆಚ್ಚಿನ ಬದಲಾವಣೆ ಹಿಡಿತವನ್ನು ಹಾಳು ಮಾಡುತ್ತವೆ, ಅಂಥ ಕೋಶ ಅಲ್ಲೇ ಸಾಯುತ್ತದೆ. ಯಾವುದೋ ಒಂದರಲ್ಲಿ ಹಿಡಿತ ಬಿಗಿಯಾಗುತ್ತದೆ. ಅದು ಆ್ಯಂಟಿಜೆನ್ನನ್ನು ಬೇರೆಯವುಗಳಿಗಿಂತ ಜಾಸ್ತಿ ಕಿತ್ತುಕೊಂಡು ಸಹಾಯಕ ಟಿ ಕೋಶಕ್ಕೆ ತೋರಿಸುತ್ತದೆ, ಬದುಕುತ್ತದೆ, ಮತ್ತೆ ಒಡೆಯುತ್ತದೆ. ಹೀಗೆ ವಾರಗಟ್ಟಲೆ. ಕಾಳಿನದಿಯವರು ಐಜಿಜಿಯ ಹಿಡಿತ ಬಿಗಿ ಅಂದರಲ್ಲ, ಅದು ಬಿಗಿಯಾಗುವುದು ಇಲ್ಲಿ. ಜ್ವರ ಬಿಟ್ಟು ನಾವು ತೋಟಕ್ಕೆ ಹೋಗಲು ಶುರು ಮಾಡಿದ ಮೇಲೂ ಒಳಗೆ ಈ ಕೆಲಸ ನಡೆದೇ ಇರುತ್ತದೆ.

ಯಲ್ಲಾಪುರ ಘಟ್ಟ:

ಮೇಷ್ಟ್ರೇ ನಮಸ್ಕಾರ. ನಮ್ಮ ಮನೆಯಲ್ಲಿ ಅಮೃತಬಳ್ಳಿ ಕಷಾಯ ವರ್ಷಪೂರ್ತಿ ಇರುತ್ತದೆ. ರೋಗನಿರೋಧಕ ಶಕ್ತಿ ಹೆಚ್ಚುತ್ತದೆ ಅಂತ ಅಜ್ಜಿ ಕಾಲದಿಂದ ಕುಡಿಯುತ್ತಿದ್ದೇವೆ. ಹಾಗಾದರೆ ಉಣುಗಿನ ಕಾಲ ಬರುವ ಮೊದಲು ಇದನ್ನೇ ಸರಿಯಾಗಿ ಕುಡಿದರೆ ಮಂಗನ ಕಾಯಿಲೆ ತಡೆಯಬಹುದಾ?

ಶಿರಸಿ ಮೇಷ್ಟ್ರು:

ಇಲ್ಲ ಅಣ್ಣ. ಇದನ್ನು ನೇರವಾಗಿಯೇ ಹೇಳಬೇಕು, ಯಾಕೆಂದರೆ ಇದನ್ನು ನಂಬಿ ಬೆಟ್ಟಕ್ಕೆ ಹೋಗುವವರಿದ್ದಾರೆ.

ಮೇಲೆ ಬರೆದದ್ದನ್ನು ಮತ್ತೆ ಓದಿ ನೋಡಿ. ಈ ವೈರಸ್ಸಿಗೆ ಹೊಂದುವ ಕೋಶ ಲಕ್ಷಕ್ಕೊಂದು. ಆ ಕೋಶ ಬೆಳೆಯಬೇಕೆಂದರೆ ಅದಕ್ಕೆ ಇದೇ ವೈರಸ್ಸಿನ ಆ್ಯಂಟಿಜೆನ್ ಸಿಗಬೇಕು, ರೋಗದಿಂದಲೋ ಲಸಿಕೆಯಿಂದಲೋ. ಕಷಾಯದಲ್ಲಿ ಕ್ಯಾಸನೂರು ವೈರಸ್ಸಿನ ಇ ಪ್ರೋಟೀನು ಇರುವುದಿಲ್ಲ. ಏಲಕ್ಕಿ, ಕಾಳುಮೆಣಸು, ಅಮೃತಬಳ್ಳಿ ಯಾವುದು ಕುಡಿದರೂ ಆ ಒಂದು ಕೋಶವನ್ನು ಹುಡುಕಿ ಎಬ್ಬಿಸುವ ದಾರಿ ಇಲ್ಲ. ಒಟ್ಟು ಶಕ್ತಿ ಅಂತ ಒಂದು ಇದೆ, ಅದನ್ನು ಏರಿಸಿದರೆ ಎಲ್ಲ ರೋಗಕ್ಕೂ ಆಯಿತು ಅನ್ನುವ ನಂಬಿಕೆಯೇ ಸರಿ ಇಲ್ಲ. ಹೊಟ್ಟೆ ತುಂಬಾ ಊಟ, ನಿದ್ದೆ, ಪೌಷ್ಟಿಕಾಂಶ ಬೇಕು, ಅವಿಲ್ಲದಿದ್ದರೆ ಕೋಶ ಬೆಳೆಯುವುದು ಕಷ್ಟ, ಅದು ಖರೆ. ಮಂಗನ ಕಾಯಿಲೆಗೆ ಗುರುತು ಮೂಡಿಸುವುದು ಮಾತ್ರ ಬೇರೆಯೇ ಕೆಲಸ. ಕಷಾಯ ಇಷ್ಟವಿದ್ದರೆ ಕುಡಿಯಿರಿ, ಆದರೆ ಅದನ್ನು ನಂಬಿ ಉಣುಗು ಹತ್ತದ ಹಾಗೆ ತಡೆಯುವ ಡೇಪಾ ಎಣ್ಣೆ ಮೈಗೆ ಹಚ್ಚದೆ ಬೆಟ್ಟಕ್ಕೆ ಹೋಗಬೇಡಿ.

ಅಂಕೋಲೆ ಸಮುದ್ರ:

ನಡುವೆ ಬಂದೆ, ಬೇರೆ ಪ್ರಶ್ನೆ. ನನಗೆ ಸಿಗಡಿ ತಿಂದರೆ ತುಟಿ ಊದಿ ಮೈಯೆಲ್ಲ ದಡಿಕೆ ಏಳುತ್ತದೆ. ಬಂಗಡೆ, ತಾರ್ಲೆ ತಿಂದರೆ ಏನೂ ಆಗುವುದಿಲ್ಲ. ಚಿಕ್ಕವನಿದ್ದಾಗ ಸಿಗಡಿಯನ್ನೂ ತಿನ್ನುತ್ತಿದ್ದೆ. ಇದೂ ಇದೇ ಆ್ಯಂಟಿಬಾಡಿಯ ಕತೆಯಾ?

ಕಾಳಿನದಿ:

ಹೌದು. ಇಲ್ಲಿ ಬರುವ ಆ್ಯಂಟಿಬಾಡಿ ಐಜಿಇ. ಸಿಗಡಿ, ಏಡಿಗಳ ಸ್ನಾಯುವಿನಲ್ಲಿ ಟ್ರೊಪೊಮಯೋಸಿನ್ ಅನ್ನುವ ಪ್ರೋಟೀನು ಇದೆ, ಸಿಗಡಿ ಅಲರ್ಜಿಯ ಮುಖ್ಯ ಆ್ಯಂಟಿಜೆನ್ ಅದೇ. ನಿಮ್ಮ ಬಿ ಕೋಶಗಳು ಯಾವಾಗಲೋ ಒಮ್ಮೆ ಅದನ್ನು ಗುರುತಿಸಿ ಐಜಿಇ ಮಾಡಿವೆ. ಆ ಐಜಿಇ ಮಾಸ್ಟ್ ಕೋಶಗಳ ಮೇಲೆ ಕೂತು ಕಾಯುತ್ತಿರುತ್ತದೆ. ಮುಂದಿನ ಸಲ ಸಿಗಡಿ ಹೊಟ್ಟೆಗೆ ಹೋದಾಗ ಮಾಸ್ಟ್ ಕೋಶ ಹಿಸ್ಟಮಿನ್ ಬಿಡುತ್ತದೆ, ಕೆಲವೇ ನಿಮಿಷದಲ್ಲಿ ಊತ. ಚಿಕ್ಕವರಿದ್ದಾಗ ಆಗದೆ ಆಮೇಲೆ ಶುರುವಾಗುವುದು ಸಿಗಡಿ ಅಲರ್ಜಿಯಲ್ಲಿ ಮಾಮೂಲು. ಚೆನ್ನಾಗಿ ಬೇಯಿಸಿದರೂ ಈ ಪ್ರೋಟೀನಿನ ಆಟ ನಿಲ್ಲುವುದಿಲ್ಲ, ಬಿಸಿಗೆ ಅದು ಹಾಳಾಗುವ ಜಾತಿಯದಲ್ಲ. ಬಂಗಡೆಯಲ್ಲಿ ಮುಖ್ಯ ಅಲರ್ಜಿ ಪ್ರೋಟೀನು ಬೇರೆ, ಪಾರ್ವಾಲ್ಬುಮಿನ್ ಅಂತ. ನಿಮ್ಮ ಐಜಿಇಗೆ ಅದು ಹೊಂದುವುದಿಲ್ಲ.

ತುಟಿ ಊದುವವರು ಪರೀಕ್ಷೆ ಮಾಡಿ ನೋಡೋಣ ಅಂತ ಸುಮ್ನೆ ಒಂದು ಸಿಗಡಿ ಬಾಯಿಗೆ ಹಾಕಿಕೊಳ್ಳಬೇಡಿ. ಉಸಿರು ಕಟ್ಟಿದರೆ ಕಷ್ಟ. ಒಮ್ಮೆ ಡಾಕ್ಟರಿಗೆ ತೋರಿಸಿ.

ಸೊಪ್ಪಿನಬೆಟ್ಟ:

ಮೇಷ್ಟ್ರೇ, ಇನ್ನೊಂದು ಕೇಳಿಬಿಡುತ್ತೇನೆ. ಅಪ್ಪಯ್ಯನಿಗೆ ಇನ್ನು ಮುಂದೆ ಈ ಕಾಯಿಲೆ ಬರುವುದಿಲ್ಲವಾ? ಮತ್ತೆ ಆಯಿಗೆ ಹಿಂದೆ ಮಂಗನ ಕಾಯಿಲೆಯ ಲಸಿಕೆ ಹಾಕಿದ್ದರು, ಎರಡು ಸಲ. ಅವಳು ಈಗಲೂ ಧೈರ್ಯವಾಗಿ ಬೆಟ್ಟಕ್ಕೆ ಹೋಗಬಹುದಾ?

ಶಿರಸಿ ಮೇಷ್ಟ್ರು:

ಅಪ್ಪಯ್ಯನದು ಮೊದಲು ಹೇಳುತ್ತೇನೆ. ಸೋಂಕು ಮುಗಿದ ಮೇಲೆ ಬೆಳೆದ ಕೋಶಗಳಲ್ಲಿ ಹೆಚ್ಚಿನವು ಸಾಯುತ್ತವೆ, ಕೆಲವು ನೆನಪಿನ ಕೋಶಗಳಾಗಿ ಉಳಿಯುತ್ತವೆ. ಕೆಲವು ಪ್ಲಾಸ್ಮಾ ಕೋಶಗಳು ಎಲುಬಿನ ಮಜ್ಜೆಗೆ ಹೋಗಿ ಅಲ್ಲಿ ವರ್ಷಗಟ್ಟಲೆ ಆ್ಯಂಟಿಬಾಡಿ ಮಾಡುತ್ತಾ ಇರುತ್ತವೆ. ಮುಂದಿನ ಸಲ ಅದೇ ವೈರಸ್ ಬಂದರೆ ಲಕ್ಷಕ್ಕೊಂದು ಕೋಶ ಹುಡುಕುವ ಕೆಲಸವಿಲ್ಲ, ನೂರಾರು ಪಟ್ಟು ಜಾಸ್ತಿ ಕೋಶ ತಯಾರಿರುತ್ತವೆ. ಈ ನೆನಪು ಎಷ್ಟು ಕಾಲ ನಿಲ್ಲುತ್ತದೆ ಅನ್ನುವುದಕ್ಕೆ ಒಂದು ಹಳೆಯ ಉದಾಹರಣೆ ಇದೆ. ಉತ್ತರ ಅಟ್ಲಾಂಟಿಕ್‌ನ ಫೆರೊ ದ್ವೀಪಗಳಲ್ಲಿ 1781ರಲ್ಲಿ ದಡಾರ ಬಂದಿತ್ತು. ಆಮೇಲೆ 65 ವರ್ಷ ಬರಲೇ ಇಲ್ಲ. 1846ರಲ್ಲಿ ಮತ್ತೆ ಬಂದಾಗ ಡೆನ್ಮಾರ್ಕಿನ ಪೀಟರ್ ಪಾನಮ್ ಅನ್ನುವ ತರುಣ ವೈದ್ಯ ಊರೂರು ತಿರುಗಿ ನೋಡಿದರು. 1781ರಲ್ಲಿ ದಡಾರ ಆಗಿದ್ದ ಮುದುಕರು ಅಲ್ಲಿ ಇನ್ನೂ ಇದ್ದರು, ಅವರಲ್ಲಿ ಯಾರಿಗೂ ಎರಡನೇ ಸಲ ಬಂದದ್ದು ಅವರಿಗೆ ಸಿಗಲಿಲ್ಲ. ನಡುವೆ ಆ ವೈರಸ್ ಕಣ್ಣಿಗೂ ಬಿದ್ದಿರಲಿಲ್ಲ, ಆದರೂ ನೆನಪು ಉಳಿದಿತ್ತು. ಎಲ್ಲ ರೋಗದಲ್ಲೂ ಅಷ್ಟು ನಿಲ್ಲುತ್ತದೆ ಅಂತಲ್ಲ. ಅಪ್ಪಯ್ಯ ಈಗ ಸಾಕಷ್ಟು ಭದ್ರ, ಆದರೂ ಉಣುಗಿನಿಂದ ದೂರ ಇರುವುದೇ ಒಳ್ಳೆಯದು.

ಆಯಿಯದು ಬೇರೆ. ಆ ಲಸಿಕೆ ಫಾರ್ಮಲಿನ್ ಹಾಕಿ ಸಾಯಿಸಿದ ವೈರಸ್ಸಿನದು. ಸತ್ತ ವೈರಸ್ ನಮ್ಮ ಕೋಶದೊಳಗೆ ಹೊಕ್ಕು ಬೆಳೆಯುವುದಿಲ್ಲ. ಹಾಗಾಗಿ ಆ್ಯಂಟಿಬಾಡಿ ಬರುತ್ತದೆ, ಕೊಲ್ಲುವ ಟಿ ಕೋಶಗಳು ಅಷ್ಟಾಗಿ ಏಳುವುದಿಲ್ಲ, ನೆನಪೂ ಬೇಗ ಮಾಸುತ್ತದೆ. ಅದಕ್ಕೇ ಒಂದು ತಿಂಗಳ ಅಂತರದಲ್ಲಿ ಎರಡು ಡೋಸ್, ಆರರಿಂದ ಒಂಬತ್ತು ತಿಂಗಳಿಗೆ ಬೂಸ್ಟರ್, ಆಮೇಲೆ ವರ್ಷವರ್ಷವೂ ಅಂತ ಇಟ್ಟಿದ್ದರು. ಪ್ರತಿ ಡೋಸ್ ಬಂದಾಗಲೂ ನೆನಪಿನ ಕೋಶಗಳು ಮತ್ತೆ ಜರ್ಮಿನಲ್ ಸೆಂಟರಿಗೆ ಹೋಗಿ ಹಿಡಿತ ಬಿಗಿ ಮಾಡಿಕೊಳ್ಳಲು ಅವಕಾಶ ಸಿಗುತ್ತದೆ, ಸಂಖ್ಯೆಯೂ ಏರುತ್ತದೆ. 2005ರಿಂದ 2010ರವರೆಗಿನ ಮಾಹಿತಿ ಇಟ್ಟುಕೊಂಡು ನಮ್ಮ ರಾಜ್ಯದಲ್ಲೇ ನೋಡಿದಾಗ ಎರಡು ಡೋಸ್ ತೆಗೆದುಕೊಂಡವರಿಗೆ ನೂರಕ್ಕೆ ಸುಮಾರು 62, ಬೂಸ್ಟರ್ ಕೂಡ ಆದವರಿಗೆ ಸುಮಾರು 83ರಷ್ಟು ರಕ್ಷಣೆ ಕಂಡಿತ್ತು. ಎರಡಕ್ಕೇ ನಿಲ್ಲಿಸಿದವರು ತುಂಬಾ ಜನ. ನೋವು ಜಾಸ್ತಿ ಇತ್ತು, ಬೂಸ್ಟರಿಗೆ ಜನ ಬರಲಿಲ್ಲ. ಆಮೇಲೆ ಲಸಿಕೆಯ ಪರಿಣಾಮವೇ ಕುಗ್ಗಿದೆ ಅಂತ ಗೊತ್ತಾಗಿ ಅದನ್ನು ಕೊಡುವುದನ್ನೇ ನಿಲ್ಲಿಸಿದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಕಡೆಯಿಂದ ಹೊಸ ಲಸಿಕೆಯ ಕೆಲಸ ನಡೆದಿದೆ. ನನಗೆ ಆ ಲಸಿಕೆ ಬೇಗ ಬರಲಿ ಅನ್ನುವ ಆಸೆ ಬಹಳ ಇದೆ, ಯಾಕೆಂದರೆ ದರಕು ತರುವವರಿಗೆ ಬೆಟ್ಟ ಬಿಟ್ಟು ಬೇರೆ ದಾರಿ ಇಲ್ಲ.

ಎರಡೇ ಡೋಸ್ ಆದ ಆಯಿ, ಅದೂ ಎಷ್ಟೋ ವರ್ಷದ ಹಿಂದೆ. ಲಸಿಕೆ ಆಗಿಲ್ಲ ಅಂತಲೇ ತಿಳಿದು ಜಾಗ್ರತೆ ಮಾಡಲಿ.

ಯಲ್ಲಾಪುರ ಘಟ್ಟ:

ಕಷಾಯದ ಮಾತು ಒಪ್ಪಿದೆ ಮೇಷ್ಟ್ರೇ. ಆ್ಯಂಟಿಬಾಡಿಯನ್ನೇ ತಯಾರು ಮಾಡಿ ಸೂಜಿಯಲ್ಲಿ ಕೊಟ್ಟರೆ ವಾರ ಕಾಯುವುದೇ ಬೇಡ ಅಲ್ವಾ? ಹಾವು ಕಚ್ಚಿದಾಗ ಕೊಡುವುದು ಅದೇ ಅಂತ ಕೇಳಿದ್ದೆ.

ಕಾಳಿನದಿ:

ಹಾವಿನ ವಿಷಕ್ಕೆ ಕೊಡುವುದು ಅದೇ. ಕುದುರೆಗೆ ಸ್ವಲ್ಪ ಸ್ವಲ್ಪವೇ ವಿಷ ಕೊಟ್ಟು, ಅದರ ರಕ್ತದಲ್ಲಿ ಬಂದ ಆ್ಯಂಟಿಬಾಡಿ ತೆಗೆದು ಶುದ್ಧ ಮಾಡಿ ನಮಗೆ ಕೊಡುತ್ತಾರೆ. ತಕ್ಷಣ ಕೆಲಸ ಮಾಡುತ್ತದೆ. ಆದರೆ ನಮ್ಮ ಬಿ ಕೋಶ ಅದನ್ನು ಮಾಡಿದ್ದಲ್ಲವಲ್ಲ, ಹಾಗಾಗಿ ಸ್ವಲ್ಪ ದಿನಕ್ಕೆ ಕರಗಿ ಹೋಗುತ್ತದೆ, ನೆನಪು ಉಳಿಯುವುದಿಲ್ಲ. ಮತ್ತೆ ಕಚ್ಚಿದರೆ ಮತ್ತೆ ಕೊಡಬೇಕು.

ಆ್ಯಂಟಿಬಾಡಿ ಎಷ್ಟು ಕಟ್ಟುನಿಟ್ಟು ಅಂತ ತಿಳಿಯಲು ನಮ್ಮ ಘಟ್ಟದಷ್ಟು ಒಳ್ಳೆಯ ಜಾಗ ಇಲ್ಲ. ಭಾರತದಲ್ಲಿ ಸಿಗುವ ಔಷಧ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ ಮಾಡಿದ್ದು. ಪಶ್ಚಿಮ ಘಟ್ಟದಲ್ಲಿ ಮೂಗು ಮೇಲಕ್ಕೆ ಎದ್ದ ಗುಳಿಮಂಡಲ ಇದೆ, ತೋಟದ ತರಗೆಲೆಯ ನಡುವೆ ಕಾಣದ ಹಾಗೆ ಇರುತ್ತದೆ. ಅದರ ವಿಷದ ಪ್ರೋಟೀನುಗಳ ಮೇಲೆ ಈ ಔಷಧದ ಆ್ಯಂಟಿಬಾಡಿ ಕೆಲಸ ಮಾಡುವುದಿಲ್ಲ. ಅದೂ ಮಂಡಲವೇ, ಇದೂ ಮಂಡಲವೇ, ಆದರೂ ಹೊಂದುವುದಿಲ್ಲ. ಕಚ್ಚಿದರೆ ಆಸ್ಪತ್ರೆಗೆ ಹೋಗಲೇಬೇಕು, ಅಲ್ಲಿ ಬೇರೆ ಚಿಕಿತ್ಸೆ ಇರುತ್ತದೆ. ಹಾವು ಯಾವುದು ಅಂತ ದೂರದಿಂದ ಫೋಟೋ ಸಿಕ್ಕಿದರೆ ಡಾಕ್ಟರಿಗೆ ಅನುಕೂಲ, ಹಿಡಿಯಲು ಹೋಗಬೇಡಿ.

ಹೊನ್ನಾವರ ಆಶಾ:

ಎಲ್ಲ ಓದಿದೆ. ನಾನು ಆಶಾ ಕಾರ್ಯಕರ್ತೆ, ಕಾಡಂಚಿನ ಮನೆಗಳಿಗೆ ಹೋಗುವವಳು. ಮೇಷ್ಟ್ರು, ಕಾಳಿನದಿಯವರು ಹೇಳಿದ್ದನ್ನು ಇಟ್ಟುಕೊಂಡು ನಮ್ಮ ಕಡೆಯ ಜನ ಮಾಡಬೇಕಾದ್ದನ್ನು ಸೇರಿಸುತ್ತೇನೆ.

ನವೆಂಬರಿನಿಂದ ಮೇವರೆಗೆ ಮರಿ ಉಣುಗು ಜಾಸ್ತಿ. ಬೆಟ್ಟದಿಂದ ಬಂದ ಕೂಡಲೇ ಬಿಸಿನೀರು, ಸಾಬೂನು ಹಾಕಿ ಸ್ನಾನ ಮಾಡಿ, ಬಟ್ಟೆ ಬಿಸಿನೀರಿಗೆ ಹಾಕಿ, ಮೊಣಕಾಲು ಸಂದಿ, ಕಂಕುಳು, ಸೊಂಟದ ಸುತ್ತ ನೋಡಿ. ಮಂಗ ಸತ್ತು ಬಿದ್ದದ್ದು ಕಂಡರೆ ಹತ್ತಿರ ಹೋಗಬೇಡಿ, ನಮಗೆ ಹೇಳಿ. ಸತ್ತ ಮಂಗನ ಮೈಯಿಂದ ಉಣುಗು ಕೆಳಗೆ ಇಳಿದಿರುತ್ತದೆ.

ಜ್ವರ ಬಂದರೆ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ಅಂಗಡಿಯಿಂದ ತಂದು ನುಂಗಬೇಡಿ. ಈ ಕಾಯಿಲೆಯಲ್ಲಿ ಪ್ಲೇಟ್‌ಲೆಟ್ ಇಳಿಯುತ್ತದೆ, ರಕ್ತಸ್ರಾವ ಆಗಬಹುದು. ಜ್ವರ ಬಿಟ್ಟು ಒಂದೆರಡು ವಾರ ಆರಾಮ ಇದ್ದು ಮತ್ತೆ ಜ್ವರ, ತಲೆನೋವು, ಕುತ್ತಿಗೆ ಬಿಗಿತ, ಗಲಿಬಿಲಿ ಮಾತು ಶುರುವಾಗುವುದು ನೂರಕ್ಕೆ ಹತ್ತಿಪ್ಪತ್ತು ಜನರಲ್ಲಿ ಇರುತ್ತದೆ. ಸೊಪ್ಪಿನಬೆಟ್ಟದ ತಂಗಿ, ಅಪ್ಪಯ್ಯನ ಮೇಲೆ ಇನ್ನೂ ಸ್ವಲ್ಪ ದಿನ ಕಣ್ಣಿಡು. ಹಾಗೆ ಏನಾದರೂ ಕಂಡರೆ ರಾತ್ರಿ ಆದರೂ ಕರೆದುಕೊಂಡು ಹೋಗು.

ಇನ್ನೊಂದು, ಇದು ಎಲ್ಲರಿಗೂ. ಜ್ವರ ಯಾವ ದಿನ ಶುರುವಾಯಿತು ಅಂತ ಕ್ಯಾಲೆಂಡರ್ ಮೇಲೆ ಬರೆದಿಡಿ. ಆಸ್ಪತ್ರೆಯಲ್ಲಿ ಕೇಳಿದಾಗ "ಮೊನ್ನೆ ಮೊನ್ನೆ" ಅನ್ನುತ್ತಾರೆ ಹೆಚ್ಚಿನವರು. ಅಷ್ಟು ಹೇಳಿದರೆ ಪಿಸಿಆರ್ ಕಳಿಸಬೇಕೋ ಐಜಿಎಂ ಕಳಿಸಬೇಕೋ ಅಂತ ಅವರಿಗೆ ಗೊತ್ತಾಗುವುದಿಲ್ಲ. ಶುರುವಿನ ದಿನಗಳಲ್ಲಿ ಐಜಿಎಂ ಮಾತ್ರ ಮಾಡಿ ನೆಗೆಟಿವ್ ಬಂದರೆ ಕಾಯಿಲೆ ಇಲ್ಲ ಅಂತ ಮನೆಗೆ ಬರಬೇಡಿ, ಸಂಶಯ ಇದ್ದರೆ ನಾಲ್ಕೈದು ದಿನ ಬಿಟ್ಟು ಇನ್ನೊಂದು ಸಲ ರಕ್ತ ಕೊಡಿ. ತಾರೀಕು ಗೊತ್ತಿಲ್ಲದಿದ್ದರೆ ಕೆಲಸಕ್ಕೆ ರಜೆ ಮಾಡಿದ್ದು, ಸಂತೆ, ಹಬ್ಬ ಏನಾದರೂ ಹಿಡಿದು ಲೆಕ್ಕ ಹಾಕಿ ಹೇಳಿ, ನಾವು ಚೀಟಿಯಲ್ಲಿ ಬರೆದು ಕಳಿಸುತ್ತೇವೆ.